ಹೂವಿನ ಹೊತ್ತು, ಶಾಲೆಯ ಹೊತ್ತು

ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ಮನೆಮನೆಯಲ್ಲೂ ಒಂದು ಮಾತು ಕೇಳಿಬರುತ್ತದೆ. "ನಿಂದು ನೀ ಓದ್ಕೋ. ಮಂದಿಗೆ ಹೇಳಿಕೊಡಾಕ ಹೋಗಿ ಟೈಮ್ ಹಾಳ್ ಮಾಡ್ಕೋಬ್ಯಾಡ." ಅಕ್ಕರೆಯಿಂದಲೇ ಹೇಳುವ ಮಾತಿದು. ಆದರೂ ತಪ್ಪು ಮಾತು ಎಂದು ನಾನು ನಂಬಿದ್ದೇನೆ. ಯಾಕೆ ಎಂದು ಹೇಳಬೇಕಾದರೆ ಗಟ್ಟುವಿನ ಕಡೆ ಹೋಗಬೇಕು.

ಗಟ್ಟು ನಮ್ಮ ರಾಯಚೂರು ಸೀಮೆಗೆ ಅಂಟಿಕೊಂಡೇ ಇರುವ, ತೆಲಂಗಾಣದ ಗದ್ವಾಲ ಕಡೆಯ ಒಂದು ಮಂಡಲ. ಗದ್ವಾಲ ತಾಲೂಕು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ವಿಂಗಡಣೆಯಾದಾಗ ಮಹಬೂಬನಗರಕ್ಕೆ ಸೇರಿತು, 2016ರಿಂದ ಜೋಗುಲಾಂಬ ಗದ್ವಾಲ ಎಂಬ ಹೊಸ ಜಿಲ್ಲೆಯಾಯಿತು. ಗಡಿ ಬಂದರೂ ನೆಂಟಸ್ತನ ತಪ್ಪಲಿಲ್ಲ, ಮಾತೂ ತಪ್ಪಲಿಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಪುಸ್ತಕದಲ್ಲಿ ಇನ್ನೊಂದು ಎಂದು ಬೆಳೆಯುವ ಮಕ್ಕಳು ಈ ಗಡಿಯುದ್ದಕ್ಕೂ ಇದ್ದಾರೆ. ಅಕ್ಷರಸ್ಥರು ತೀರಾ ಕಡಿಮೆ ಇರುವ ಮಂಡಲಗಳ ಮಾತು ಬಂದಾಗಲೆಲ್ಲ ತೆಲಂಗಾಣದಲ್ಲಿ ಗಟ್ಟುವಿನ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಇಲ್ಲಿನ ಮಕ್ಕಳಿಗೆ ಬುದ್ಧಿ ಕಡಿಮೆಯೇ? ಖಂಡಿತ ಅಲ್ಲ. ಇಲ್ಲಿ ಬೆಳೆಯುವುದು ಬೀಜದ ಹತ್ತಿ. ಕಾರಣದ ಬಹುಪಾಲು ಅದರಲ್ಲೇ ಇದೆ.

1970ರಲ್ಲಿ ಗುಜರಾತಿನ ಸೂರತ್ತಿನಿಂದ ಎಚ್-4 ಎಂಬ ಹೈಬ್ರಿಡ್ ಹತ್ತಿ ಬಂತು. ಎರಡು ವರ್ಷ ಬಿಟ್ಟು ನಮ್ಮ ಧಾರವಾಡದಿಂದ ವರಲಕ್ಷ್ಮಿ ಬಂತು. ಅಲ್ಲಿಂದ ಈಚೆಗೆ ಹೈಬ್ರಿಡ್ ಹತ್ತಿಬೀಜ ತಯಾರಿಸುವುದೇ ಒಂದು ದೊಡ್ಡ ಕಸುಬಾಯಿತು, ಗದ್ವಾಲದ ಸುತ್ತಮುತ್ತ ಅದು ಬೇರುಬಿಟ್ಟಿತು. ಆ ಬೀಜ ತಾನಾಗಿ ಆಗುವುದಿಲ್ಲ. ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹುಡುಕಿ, ಉಗುರಿನಿಂದ ಸಿಪ್ಪೆ ಸೀಳಿ, ಒಳಗಿನ ಕೇಸರಗಳನ್ನು ತೆಗೆದು, ನಡುವಿನ ಶಲಾಕೆಗೆ ಒಂದಿಷ್ಟೂ ಗಾಯವಾಗದಂತೆ ಬಿಡಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪರಾಗವನ್ನು ಶಲಾಕಾಗ್ರಕ್ಕೆ ಸವರಬೇಕು. ಕ್ರಾಸಿಂಗ್ ಎನ್ನುವುದು ಇದಕ್ಕೇ. ಎರಡು ಮೂರು ತಿಂಗಳು ಒಂದು ದಿನವೂ ಬಿಡುವಂತಿಲ್ಲ, ಯಾಕೆಂದರೆ ಹೂವು ಯಾರಿಗೂ ಕಾಯುವುದಿಲ್ಲ. ಬೆಳಿಗ್ಗೆ ಪರಾಗದ ಹೊತ್ತು, ಮಧ್ಯಾಹ್ನ ಮೊಗ್ಗಿನ ಹೊತ್ತು. ಎರಡೂ ಶಾಲೆಯ ಹೊತ್ತೇ. ಗಿಡದ ಎತ್ತರಕ್ಕೆ ಸರಿಹೊಂದುವ ಪುಟ್ಟ ಮೈ, ಸಣ್ಣ ಬೆರಳು ಬೇಕೆಂದು ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಹೊಲಕ್ಕೆ ಕರೆಯುವ ರೂಢಿ ಬೆಳೆಯಿತು. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿಯಾಗಿ ಹದಿನಾಲ್ಕರೊಳಗಿನವರನ್ನು ಎಲ್ಲ ಕೆಲಸದಿಂದಲೂ ದೂರ ಇಟ್ಟರು. ಆದರೆ ಶಾಲೆ ಬಿಟ್ಟ ಮೇಲೆ ಸ್ವಂತ ಮನೆಯ ಕೆಲಸದಲ್ಲಿ ಕೈಜೋಡಿಸಬಹುದು ಎಂಬ ಒಂದು ಕಿಂಡಿ ಉಳಿಯಿತು. ಆ ಕಿಂಡಿ ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ಹೀಗೆ ಮಳೆಗಾಲದ ಆ ತಿಂಗಳುಗಳನ್ನು ಕಳೆದುಕೊಂಡ ಹುಡುಗಿ ದೀಪಾವಳಿ ಹೊತ್ತಿಗೆ ತರಗತಿಗೆ ಮರಳುತ್ತಾಳೆ. ಬಹುಪದೋಕ್ತಿ ಮುಗಿದು ಹೋಗಿದೆ, ವರ್ಗ ಸಮೀಕರಣ ನಡೆಯುತ್ತಿದೆ. ಪರೀಕ್ಷೆಯಲ್ಲಿ ಗಣಿತಕ್ಕೊಂದು ದಿನ, ಭೌತವಿಜ್ಞಾನಕ್ಕೊಂದು ದಿನ, ಜೀವವಿಜ್ಞಾನಕ್ಕೊಂದು ದಿನ ಬರೆಯಬೇಕು. ಅಷ್ಟು ಮಕ್ಕಳಲ್ಲಿ ಯಾರಿಗೆ ಯಾವ ಮೆಟ್ಟಿಲು ತಪ್ಪಿದೆ ಎಂದು ಒಬ್ಬ ಮೇಷ್ಟ್ರು ಹುಡುಕಿಕೊಂಡು ಕೂರಲು ಆಗುವುದಿಲ್ಲ. ಪಕ್ಕದಲ್ಲಿ ಕೂತ ಗೆಳತಿಗೆ ಆಗುತ್ತದೆ.

ಒಂದು ಲೆಕ್ಕ ನೋಡೋಣ. ಎಕ್ಸ್ ವರ್ಗ ಮೈನಸ್ ಏಳು ಎಕ್ಸ್ ಪ್ಲಸ್ ಹನ್ನೆರಡು, ಸೊನ್ನೆಗೆ ಸಮ. ಹುಡುಗಿ ಸರಿಯಾಗಿಯೇ ಅಪವರ್ತಿಸಿದ್ದಾಳೆ, ಎಕ್ಸ್ ಮೈನಸ್ ಮೂರು, ಎಕ್ಸ್ ಮೈನಸ್ ನಾಲ್ಕು ಎಂದು. ಕೊನೆಗೆ ಉತ್ತರ ಮಾತ್ರ ಮೈನಸ್ ಮೂರು, ಮೈನಸ್ ನಾಲ್ಕು ಎಂದು ಬರೆದಿದ್ದಾಳೆ. ಗೆಳತಿ ಅದನ್ನು ಅಳಿಸುವುದಿಲ್ಲ, ತಾನೇ ತಿದ್ದುವುದೂ ಇಲ್ಲ. "ಎಕ್ಸ್ ಜಾಗದಾಗ ಮೈನಸ್ ಮೂರು ಇಟ್ಟು ನೋಡು. ಸೊನ್ನಿ ಬರ್ತದೇನು?" ಒಂಬತ್ತು, ಇಪ್ಪತ್ತೊಂದು, ಹನ್ನೆರಡು. "ಅಯ್ಯ, ನಲವತ್ತೆರಡು ಬಂತಲ್ಲೇ!" "ಹಂಗಾದ್ರ ಎಷ್ಟು ಇಟ್ರ ಸೊನ್ನಿ ಬರ್ತದ, ನೀನೇ ಹೇಳು." ಇಷ್ಟೇ. ಆ ಹುಡುಗಿ ಇನ್ನು ಈ ತಪ್ಪು ಮಾಡಲಿಕ್ಕಿಲ್ಲ. ಕೇಳಿದ ಗೆಳತಿಗೂ ಲಾಭವಾಗಿದೆ, ಉತ್ತರವನ್ನು ತಾಳೆ ನೋಡುವ ಅಭ್ಯಾಸ ಅವಳ ಕೈಗೂ ಹತ್ತಿತು. ಹೋದ ತಿಂಗಳು ಅದೇ ಕಡೆ ಎಡವಿದವಳು ಅವಳು, ಆದ್ದರಿಂದಲೇ ಕಲ್ಲು ಎಲ್ಲಿದೆ ಎಂದು ಅವಳಿಗೆ ಗೊತ್ತು. ಮನೆಮಾತಿನಲ್ಲೇ ಹೇಳುತ್ತಾಳೆ, ಬೈಯುವುದಿಲ್ಲ, ಹತ್ತು ಸಲ ಕೇಳಿದರೂ ನಾಚಿಕೆಯಿಲ್ಲ.

ಮಕ್ಕಳೇ ಮಕ್ಕಳಿಗೆ ಕಲಿಸುವುದು ಹೊಸದಾಗಿ ಕಂಡುಹಿಡಿದ ಪದ್ಧತಿಯೂ ಅಲ್ಲ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಊರೂರಿನ ಶಾಲೆಗಳ ಲೆಕ್ಕ ಕೇಳಿದ. ಮರುವರ್ಷ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಉತ್ತರ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಆ ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಈ ಗಡಿಸೀಮೆ ಆಗಲೂ ಹೀಗೇ ಎರಡು ಮಾತಿನದು. ಕಲಿಕೆಯಲ್ಲಿ ಮುಂದಿರುವ ಹುಡುಗರು ಹಿಂದಿರುವವರಿಗೆ ಕಲಿಸುತ್ತಾರೆ, ಹಾಗೆ ಕಲಿಸುತ್ತ ತಮ್ಮ ವಿದ್ಯೆಯನ್ನೂ ಗಟ್ಟಿ ಮಾಡಿಕೊಳ್ಳುತ್ತಾರೆ, ಇಂಗ್ಲೆಂಡಿನವರು ಇದನ್ನು ನೋಡಿ ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂಬ ಅರ್ಥದ ಮಾತನ್ನು ಆತ ಆ ವರದಿಯಲ್ಲಿ ಬರೆದ. ಆ 6,641ರಲ್ಲಿ ಹೆಣ್ಣುಮಕ್ಕಳು ಬರೀ 60. ಅದನ್ನೂ ಮರೆಯಬಾರದು. ಇಂದು ಹತ್ತನೆಯವರೆಗೆ ಬಂದು ಕೂತಿರುವ ಗಟ್ಟುವಿನ ಒಬ್ಬೊಬ್ಬ ಹುಡುಗಿಯೂ ಎಷ್ಟು ದೂರ ನಡೆದು ಬಂದವಳು ಎಂದು ಅದರಿಂದ ಅಂದಾಜಾಗುತ್ತದೆ.

ಹೇಳಿಕೊಡುವವರು ಯಾವಾಗಲೂ ಜಾಣರೇ, ಕಲಿಯುವವರು ಯಾವಾಗಲೂ ಹಿಂದುಳಿದವರೇ ಎಂದು ತಿಳಿಯಬಾರದು. ಜೀವವಿಜ್ಞಾನದ ಪುಸ್ತಕದಲ್ಲಿ ಹೂವಿನ ಉದ್ದಸೀಳಿನ ಚಿತ್ರವಿದೆ. ಭಾಗಗಳನ್ನು ಗುರುತಿಸಿ ಎಂದು ಕೇಳುತ್ತಾರೆ. ತರಗತಿಯ ಮೊದಲ ರ‍್ಯಾಂಕಿನ ಹುಡುಗಿ ಕೇಸರ, ಶಲಾಕೆ, ಅಂಡಾಶಯ ಎಂದು ಬಾಯಿಪಾಠ ಮಾಡಿರುತ್ತಾಳೆ. ಹೊಲಕ್ಕೆ ಹೋಗಿ ತಿಂಗಳುಗಟ್ಟಲೆ ತರಗತಿ ತಪ್ಪಿಸಿಕೊಂಡವಳು ಅದನ್ನು ಸಾವಿರಾರು ಸಲ ಬಿಡಿಸಿ ನೋಡಿದ್ದಾಳೆ. ಪರಾಗ ಯಾವ ಹೊತ್ತಿಗೆ ಉದುರುತ್ತದೆ, ಮೊಗ್ಗಿನ ಕೇಸರ ಮೊದಲೇ ಯಾಕೆ ತೆಗೆಯಬೇಕು, ಒಂದು ಕೇಸರ ಉಳಿದರೂ ಬೀಜ ಯಾಕೆ ಕೆಡುತ್ತದೆ ಎಂದು ಅವಳು ಹೇಳಬಲ್ಲಳು. ಸ್ವಪರಾಗಸ್ಪರ್ಶ, ಪರಕೀಯ ಪರಾಗಸ್ಪರ್ಶ ಎಂಬ ಪಾಠ ಅವಳ ಬೆರಳಲ್ಲಿದೆ. ಅವತ್ತು ಅವಳೇ ಟೀಚರ್. ಆ ದುಡಿಮೆಯನ್ನು ನಾನು ಹೊಗಳುತ್ತಿಲ್ಲ, ಆ ವಯಸ್ಸಿಗೆ ಅದು ಅವಳಿಗೆ ಬರಲೇಬಾರದಿತ್ತು. ಆದರೆ ಬಂದದ್ದನ್ನು ಹೇಳಲು ಅವಳಿಗೊಂದು ಅವಕಾಶ ಸಿಕ್ಕರೆ, ತನಗೂ ಏನೋ ಗೊತ್ತಿದೆ ಎಂಬ ಧೈರ್ಯದಲ್ಲಿ ಗಣಿತದ ಪುಸ್ತಕವನ್ನೂ ತೆರೆಯುತ್ತಾಳೆ.

ತಂದೆತಾಯಂದಿರಿಗೆ ಇನ್ನೊಂದು ಮಾತು. ತೆಲಂಗಾಣದಲ್ಲಿ ಗಣಿತ ಪಾಸಾಗಲು 35 ಅಂಕ ಬೇಕು. ಗೆಳತಿಗೆ 35 ಬಂದರೆ ನಿಮ್ಮ ಮಗಳ ತೊಂಬತ್ತರಲ್ಲಿ ಒಂದು ಅಂಕವೂ ಕಡಿಮೆಯಾಗುವುದಿಲ್ಲ. ಸಂಜೆ ಅವರಿಬ್ಬರೂ ಒಂದೇ ದೀಪದ ಕೆಳಗೆ ಕೂತರೆ ಕೂರಲಿ, ನೀರಿಗೆ, ಕಸಕ್ಕೆ ನಡುವೆ ಎಬ್ಬಿಸಬೇಡಿ. ಪರೀಕ್ಷೆಯ ಹಾಲ್‌ನಲ್ಲಿ ಉತ್ತರ ತೋರಿಸುವುದು ಸಹಾಯವಲ್ಲ ಎಂದು ಅವರಿಗೂ ಗೊತ್ತಿದೆ. ಅದಕ್ಕೆ ಮುಂಚಿನ ಈ ತಿಂಗಳುಗಳೇ ಸಹಾಯದ ಹೊತ್ತು.

ಶಿಕ್ಷಕರಲ್ಲಿ ಕೇಳಿಕೊಳ್ಳುವುದು ಇಷ್ಟು. ಫೆಬ್ರುವರಿಯವರೆಗೆ ಕಾಯಬೇಡಿ. ಕ್ರಾಸಿಂಗ್ ಮುಗಿಸಿ ಮಕ್ಕಳು ಮರಳುವ ವಾರದಲ್ಲೇ ಇಬ್ಬಿಬ್ಬರನ್ನು ಜೊತೆ ಮಾಡಿ, ತಪ್ಪಿದ ಪಾಠಗಳ ನೋಟ್‌ಬುಕ್ ಒಬ್ಬರಿಂದೊಬ್ಬರಿಗೆ ಕೊಡಿಸಿ. ವಾರಕ್ಕೊಮ್ಮೆ ಅರ್ಧ ಗಂಟೆ, ಈ ವಾರ ನೀನು ಅವಳಿಗೆ ಏನು ಹೇಳಿಕೊಟ್ಟೆ ಎಂದು ಇಬ್ಬರನ್ನೂ ಕೇಳಿ.