ಏಕಾದಶಿಯ ನಿರ್ಣಯವೂ ನಮ್ಮ ಊರಿನ ಸೂರ್ಯೋದಯವೂ

(ಮುಂಬಯಿಯ ಶಾಖಾಮಠದಲ್ಲಿ ಚಾತುರ್ಮಾಸ್ಯದ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

ಶ್ರೀಗುರುಭ್ಯೋ ನಮಃ. ಹರಿಃ ಓಂ.

ಏಕಾದಶಿಯ ಮಾಹಾತ್ಮ್ಯವನ್ನು ಹೇಳುವ ಅಧಿಕಾರ ನನಗಿಲ್ಲ. ಅದನ್ನು ಶ್ರೀಮದಾಚಾರ್ಯರು ‘ಕೃಷ್ಣಾಮೃತಮಹಾರ್ಣವ’ದಲ್ಲಿ ಅನುಗ್ರಹಿಸಿದ್ದಾರೆ, ಅದರ ಪಾಠವನ್ನು ಪಂಡಿತರ ಮುಖದಿಂದಲೇ ಕೇಳಬೇಕು. ನಾನು ಡಿಪ್ಲೊಮಾ ಓದಿ ರೈಲ್ವೆಯಲ್ಲಿ ಹಳಿಗಳ ಉಸ್ತುವಾರಿ ನೋಡಿಕೊಂಡವನು. ಗಡಿಯಾರವೊಂದೇ ನನಗೆ ಚೆನ್ನಾಗಿ ಅಭ್ಯಾಸವಾದ ಶಾಸ್ತ್ರ. ಆದ್ದರಿಂದ ವ್ರತದ ಒಂದು ಅಂಗವನ್ನು ಮಾತ್ರ, ಅಂದರೆ ಕಾಲವನ್ನು ಕುರಿತು, ಪರಊರಿನಲ್ಲಿ ನೆಲೆಸಿದ ನಮ್ಮಂಥವರಿಗೆ ಉಪಯೋಗವಾಗುವ ಕೆಲವು ಮಾತುಗಳನ್ನು ವಿಜ್ಞಾಪಿಸಿಕೊಳ್ಳುತ್ತೇನೆ.

ಸೂರ್ಯನಿಂದ ಚಂದ್ರನು ಹನ್ನೆರಡು ಅಂಶಗಳಷ್ಟು ದೂರ ಸರಿದರೆ ಒಂದು ತಿಥಿ. ಚಂದ್ರನ ಗತಿ ಒಂದೇ ಸಮನಾಗಿಲ್ಲದ ಕಾರಣ ತಿಥಿಯ ಪ್ರಮಾಣವು ಸುಮಾರು 20 ಗಂಟೆಯಿಂದ 26 ಗಂಟೆಗೂ ಮೇಲ್ಪಟ್ಟು ವ್ಯತ್ಯಾಸವಾಗುತ್ತದೆ. ತಿಥಿಯು ಮುಗಿಯುವ ಕ್ಷಣ ಭೂಮಂಡಲಕ್ಕೆಲ್ಲ ಒಂದೇ. ಉಡುಪಿಯಲ್ಲಿ ದಶಮಿ ಮುಗಿದ ಕ್ಷಣದಲ್ಲಿಯೇ ದೆಹಲಿಯಲ್ಲಿಯೂ ದಶಮಿ ಮುಗಿಯುತ್ತದೆ. ಆದರೆ ಸೂರ್ಯೋದಯ ಹಾಗಲ್ಲ, ಅದು ಊರೂರಿಗೆ ಬೇರೆ. ನಮ್ಮ ವ್ರತನಿರ್ಣಯವು ಇವೆರಡರ ಸಂಬಂಧದ ಮೇಲೆ ನಿಂತಿರುವುದರಿಂದಲೇ ತೊಡಕು ಹುಟ್ಟುತ್ತದೆ.

ಸೂರ್ಯೋದಯಕ್ಕೆ ನಾಲ್ಕು ಘಟಿ, ಎಂದರೆ 96 ನಿಮಿಷ ಮುಂಚಿನ ಕಾಲವು ಅರುಣೋದಯ. ಆ ಹೊತ್ತಿಗೆ ದಶಮಿಯ ಸ್ಪರ್ಶವಿದ್ದರೆ ಆ ಏಕಾದಶಿಯು ವಿದ್ಧವಾಯಿತು. ಉಪವಾಸವು ಮರುದಿನಕ್ಕೆ ಹೋಗುತ್ತದೆ. ಇದು ನಮ್ಮ ಮನೆಯ ಮಕ್ಕಳಿಗೂ ತಿಳಿದ ವಿಷಯ. ಈಗ ಜನವರಿಯ ಮೊದಲ ವಾರದ ಒಂದು ದಿನವನ್ನು ಭಾವಿಸಿಕೊಳ್ಳೋಣ. ದಶಮಿಯು ಬೆಳಗಿನ ಜಾವ 5-10ಕ್ಕೆ ಮುಗಿಯುತ್ತದೆ ಎನ್ನೋಣ. ಚೆನ್ನೈಯಲ್ಲಿ ಆಗ ಸೂರ್ಯೋದಯ ಸುಮಾರು 6-32ಕ್ಕೆ, ಅರುಣೋದಯ 4-56ಕ್ಕೆ. ಅಲ್ಲಿ ದಶಮೀವೇಧ ಬಂದೇ ಬಂತು. ನಮ್ಮ ಮುಂಬಯಿಯಲ್ಲಿ ಸೂರ್ಯೋದಯ ಸುಮಾರು 7-12ಕ್ಕೆ, ಅರುಣೋದಯ 5-36ಕ್ಕೆ. ಇಲ್ಲಿ ಅಷ್ಟು ಹೊತ್ತಿಗೆ ದಶಮಿ ಕಳೆದು ಇಪ್ಪತ್ತಾರು ನಿಮಿಷಗಳಾಗಿರುತ್ತವೆ. ಲೆಕ್ಕದ ಪ್ರಕಾರ ಇಲ್ಲಿ ಶುದ್ಧ, ಅಲ್ಲಿ ವಿದ್ಧ!

ಇದೇನು ಪಂಡಿತರ ಕಾಲಕ್ಷೇಪದ ಮಾತಲ್ಲ. ನನಗೆ ಪರಿಚಿತವಾದ ಒಂದು ಮನೆತನದಲ್ಲಿ ಅಣ್ಣ ಇಲ್ಲಿದ್ದಾರೆ, ತಮ್ಮ ಚೆನ್ನೈಯಲ್ಲಿದ್ದಾರೆ. ತಂದೆಯವರ ಶ್ರಾದ್ಧತಿಥಿಯು ಏಕಾದಶಿ. ಏಕಾದಶಿಯಂದು ನಮ್ಮಲ್ಲಿ ಶ್ರಾದ್ಧವಿಲ್ಲ, ದ್ವಾದಶಿಯಂದು ಮಾಡುತ್ತೇವೆ. ಒಂದು ವರ್ಷ ಉಪವಾಸದ ದಿನದ ಬಗ್ಗೆಯೇ ಭಿನ್ನಾಭಿಪ್ರಾಯ ಬಂದು, ಒಬ್ಬರ ಪಂಚಾಂಗವನ್ನು ಇನ್ನೊಬ್ಬರು ಒಪ್ಪದೆ, ಅಣ್ಣತಮ್ಮಂದಿರ ನಡುವೆ ಎರಡು ವರ್ಷ ಮಾತೇ ನಿಂತುಹೋಗಿತ್ತು. ಇಬ್ಬರೂ ಶ್ರದ್ಧಾವಂತರು. ಇಬ್ಬರ ಲೆಕ್ಕವೂ ಅವರವರ ಆಧಾರಕ್ಕೆ ಸರಿಯಾಗಿಯೇ ಇತ್ತು. ಇದರ ಮೇಲೆ ಸೂರ್ಯಸಿದ್ಧಾಂತದ ಗಣಿತವೊಂದು, ಆರ್ಯಭಟೀಯದ ಗಣಿತವೊಂದು, ದೃಗ್ಗಣಿತವೊಂದು. ತಿಥ್ಯಂತದಲ್ಲಿಯೇ ವ್ಯತ್ಯಾಸ ಬರುವುದುಂಟು.

ಉಪವಾಸದ ದಿನ ಯಾವುದೆಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟೇ: ಅದನ್ನು ಅವರವರ ಶ್ರೀಮಠದ ಪಂಚಾಂಗಕ್ಕೆ ಬಿಟ್ಟುಬಿಡಬೇಕು. ರೈಲ್ವೆಯಲ್ಲಿ ಪ್ರತಿಯೊಬ್ಬ ಸ್ಟೇಷನ್ ಮಾಸ್ತರನೂ ತನ್ನ ವೇಳಾಪಟ್ಟಿಯನ್ನು ತಾನೇ ಬರೆದುಕೊಂಡರೆ ಗಾಡಿ ಓಡುವುದಿಲ್ಲ. ಪೀಠದಿಂದ ಬಂದ ನಿರ್ಣಯವನ್ನು ಮೊಬೈಲ್ ಹಿಡಿದು ತಿದ್ದುವುದು ನಮ್ಮ ಕೆಲಸವಲ್ಲ. ಸಂಶಯವಿದ್ದಲ್ಲಿ ಮಠದ ವಿದ್ವಾಂಸರನ್ನು ಕೇಳಿದರಾಯಿತು.

ಪಾರಣೆಯ ವಿಷಯ ಮಾತ್ರ ಬೇರೆ. ಅಲ್ಲಿ ನಾವು ನಿಂತಿರುವ ನೆಲದ ಸೂರ್ಯನನ್ನೇ ನೋಡಬೇಕು.

ಊರಿನಿಂದ ತರಿಸಿಕೊಳ್ಳುವ ಅನೇಕ ಪಂಚಾಂಗಗಳಲ್ಲಿ ತಿಥಿಯನ್ನು ಘಟಿ-ವಿಘಟಿಗಳಲ್ಲಿ ಕೊಟ್ಟಿರುತ್ತಾರೆ. ಘಟಿಯೆಂದರೆ 24 ನಿಮಿಷ. ಆ ಘಟಿಗಳನ್ನು ಎಣಿಸಬೇಕಾದದ್ದು ಪಂಚಾಂಗ ಗಣಿಸಿದ ಊರಿನ ಸೂರ್ಯೋದಯದಿಂದ, ನಮ್ಮ ಊರಿನ ಸೂರ್ಯೋದಯದಿಂದಲ್ಲ. ಉಡುಪಿಯ ಗಣಿತದ ಪಂಚಾಂಗದಲ್ಲಿ ಜನವರಿಯ ಒಂದು ದಿನ ದ್ವಾದಶಿಯು ಒಂದೂಕಾಲು ಘಟಿ, ಎಂದರೆ ಅರ್ಧ ಗಂಟೆ ಇದೆಯೆನ್ನೋಣ. ಅಲ್ಲಿ ಸೂರ್ಯೋದಯ ಸುಮಾರು 6-54. ದ್ವಾದಶಿಯ ಮುಕ್ತಾಯ 7-24. ಮುಂಬಯಿಯ ಗೃಹಸ್ಥರು ತಮಗೂ ಅರ್ಧ ಗಂಟೆ ಇದೆಯೆಂದು 7-12ರ ಸೂರ್ಯೋದಯಕ್ಕೆ ಅದನ್ನು ಕೂಡಿಸಿ 7-42ರವರೆಗೆ ನಿಶ್ಚಿಂತರಾಗಿ ಕುಳಿತರೆ, ತೀರ್ಥ ತೆಗೆದುಕೊಳ್ಳುವ ಮುಂಚೆಯೇ ತ್ರಯೋದಶಿ ಬಂದಿರುತ್ತದೆ. ಅವರಿಗೆ ಇದ್ದದ್ದು ಹನ್ನೆರಡೇ ನಿಮಿಷ. ದೆಹಲಿಯವರಿಗೆ ಹತ್ತು. ಅದೇ ಜೂನ್ ತಿಂಗಳಾದರೆ ದೆಹಲಿಯ ಸೂರ್ಯೋದಯ ಉಡುಪಿಗಿಂತ ಸುಮಾರು ನಲವತ್ತು ನಿಮಿಷ ಮುಂಚೆಯೇ ಆಗುವುದರಿಂದ ಅಲ್ಲಿಯವರಿಗೆ ಅವಕಾಶ ಹೆಚ್ಚು. ರೇಖಾಂಶ ಮಾತ್ರವಲ್ಲ, ಅಕ್ಷಾಂಶವೂ ಋತುವೂ ಸೇರಿ ಈ ಆಟ ಆಡಿಸುತ್ತವೆ. ಸಾಧನಾ ದ್ವಾದಶಿಯ ದಿನ ಅರುಣೋದಯಕ್ಕೆ ಮುಂಚೆಯೇ ಎದ್ದು ಆಹ್ನಿಕ ಮುಗಿಸಿ, ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿಯ ತಂಬುಳಿ ಸಿದ್ಧಮಾಡುವ ನಮ್ಮ ಗೃಹಿಣಿಯರ ಶ್ರಮ ಹತ್ತು ನಿಮಿಷದ ಅಜಾಗರೂಕತೆಯಿಂದ ವ್ಯರ್ಥವಾಗಬಾರದು. ಹಾಗೆಯೇ ದ್ವಾದಶಿಯ ಮೊದಲ ಕಾಲುಭಾಗವಾದ ಹರಿವಾಸರವು ಕಳೆಯದೆ ಅವಸರಪಡುವುದೂ ಸಲ್ಲದು.

ಗಡಿಯಾರದ ಸಮಯವೂ ಹಿಂದೆ ಹೀಗೆ ಒಂದೇ ಆಗಿರಲಿಲ್ಲ. ದೇಶದ ರೈಲುಗಳು ಒಂದು ಕಾಲಕ್ಕೆ ಮದರಾಸು ಸಮಯದಂತೆ ಓಡುತ್ತಿದ್ದವು. 1906ರ ಜನವರಿ 1ರಿಂದ 82½ ಅಂಶ ರೇಖಾಂಶದ ಈಗಿನ ಪ್ರಮಾಣಸಮಯ ಬಂದಿತು. ಆದರೂ ಮುಂಬಯಿ ನಗರವು ಅದಕ್ಕಿಂತ 39 ನಿಮಿಷ ಹಿಂದಿದ್ದ ತನ್ನ ಸಮಯವನ್ನು 1955ರವರೆಗೂ ಉಳಿಸಿಕೊಂಡಿತ್ತು. ನಗರದ ಸಮಯವೇ ಬೇರೆ, ರೈಲಿನ ಸಮಯವೇ ಬೇರೆ. ಹಳೆಯ ತಲೆಮಾರಿನವರು ಎರಡನ್ನೂ ನೆನಪಿಟ್ಟುಕೊಂಡೇ ಜೀವಿಸಿದರು. ಒಂದು ಪಾರಣೆಯ ಸಮಯವನ್ನು ಕೂಡಿ ಕಳೆಯುವುದು ನಮಗೇನು ಭಾರವಲ್ಲ.

ಇಷ್ಟು ನಿಮಿಷಗಳ ಚಿಂತೆ ಏಕೆಂದು ಯುವಕರು ಕೇಳುತ್ತಾರೆ. ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಅಂಬರೀಷ ಮಹಾರಾಜನ ಸಂಕಟವೂ ಇದೇ ಅಲ್ಲವೆ? ದುರ್ವಾಸರು ನದಿಯಿಂದ ಬಂದಿಲ್ಲ, ದ್ವಾದಶಿ ಮುಗಿಯುತ್ತಿದೆ. ಅತಿಥಿಯನ್ನು ಬಿಟ್ಟು ಉಣ್ಣುವಂತಿಲ್ಲ, ಪಾರಣೆ ತಪ್ಪಿಸುವಂತಿಲ್ಲ. ತಿಳಿದವರನ್ನು ಕೇಳಿ ಆತ ನೀರನ್ನು ಮಾತ್ರ ಸ್ವೀಕರಿಸಿದ. ಕಾಲವನ್ನೂ ಮನುಷ್ಯರನ್ನೂ ಏಕಕಾಲದಲ್ಲಿ ಗೌರವಿಸುವ ಉಪಾಯ ಅದು.

ಇದನ್ನು ಹೇಳಲು ಇನ್ನೊಂದು ಕಾರಣವಿದೆ. ನಮ್ಮ ಹಿರಿಯರಲ್ಲಿ ಅನೇಕರು ಸಕ್ಕರೆ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುವವರು. ಶ್ರವಣೋಪವಾಸ ಸೇರಿ ಎರಡು ದಿನ ಉಪವಾಸ ಬಂದಾಗ ವೈದ್ಯರನ್ನು ಕೇಳದೆ ಗುಳಿಗೆಯನ್ನು ನುಂಗಿ, ಅನ್ನವನ್ನು ಮಾತ್ರ ಬಿಟ್ಟವರನ್ನು ಅರೆಪ್ರಜ್ಞೆಯಲ್ಲಿ ಆಸ್ಪತ್ರೆಗೆ ಸೇರಿಸಿದ್ದನ್ನು ಕಂಡಿದ್ದೇನೆ. ಎಂಟು ವರ್ಷದೊಳಗಿನವರಿಗೂ ಎಂಬತ್ತು ದಾಟಿದವರಿಗೂ ವಿನಾಯಿತಿ ಕೊಟ್ಟ ಶಾಸ್ತ್ರವೇ, ವ್ರತವನ್ನು ಕೆಡಿಸದ ಎಂಟರಲ್ಲಿ ನೀರು, ಹಾಲು, ಹಣ್ಣುಗಳೊಡನೆ ಔಷಧವನ್ನೂ ಗುರುವಚನವನ್ನೂ ಸೇರಿಸಿದೆ. ಅಂಥವರು ವೈದ್ಯರನ್ನೂ ಗುರುಗಳನ್ನೂ ಮುಂಚಿತವಾಗಿಯೇ ಕೇಳಬೇಕು, ಏಕಾದಶಿಯ ರಾತ್ರಿಯಲ್ಲಲ್ಲ. ಮಳೆಗಾಲದಲ್ಲಿ ಘಾಟಿನ ಹಳಿಗಳ ಮೇಲೆ ಗಸ್ತು ತಿರುಗುವಾಗ ನಾನೂ ಗುರುಗಳ ಅನುಮತಿ ಪಡೆದು ಹಾಲು ಸ್ವೀಕರಿಸುತ್ತಿದ್ದೆ. ಕಾಲು ಜಾರಿದರೆ ನನ್ನೊಬ್ಬನದಲ್ಲ, ಗಾಡಿಯಲ್ಲಿದ್ದವರ ಪ್ರಾಣದ ಪ್ರಶ್ನೆ.

ಕೊನೆಯದಾಗಿ ವ್ಯವಸ್ಥಾಪಕರಲ್ಲಿ ಒಂದು ವಿನಂತಿ. ವರ್ಷಕ್ಕೆ ಏಕಾದಶಿಗಳು 24, ಅಧಿಕಮಾಸ ಬಂದರೆ 26. ಪ್ರತಿಯೊಂದಕ್ಕೂ ಶ್ರೀಮಠದ ನಿರ್ಣಯದ ದಿನಾಂಕ, ಮುಂಬಯಿಯ ಸೂರ್ಯೋದಯ, ಹರಿವಾಸರ ಕಳೆಯುವ ಹೊತ್ತು, ದ್ವಾದಶಿಯ ಮುಕ್ತಾಯ, ಇಷ್ಟನ್ನು ಗಂಟೆ-ನಿಮಿಷಗಳಲ್ಲಿ ಬರೆದು ಯುಗಾದಿಗೆ ಮುಂಚೆ ಮಠದ ಫಲಕದಲ್ಲಿ ಹಾಕಬಹುದು. ಲೆಕ್ಕವನ್ನು ನಾನು ಮಾಡಿಕೊಡುತ್ತೇನೆ. ವಿದ್ವಾಂಸರು ಪರಿಶೀಲಿಸಿ ಒಪ್ಪಿಗೆ ಕೊಡಬೇಕು. ಪುಣೆ, ನಾಸಿಕಗಳ ಬಂಧುಗಳು ತಮ್ಮ ಊರಿನ ಪಟ್ಟಿ ಬೇಕೆಂದು ತಿಳಿಸಿದರೆ ಅದನ್ನೂ ಸಿದ್ಧಪಡಿಸಲು ಅಡ್ಡಿಯಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.