ಒಂದು ಗುಳಿಗೆ, ಎರಡು ಹಾದಿ

ಜಂತುಹುಳು ನಿವಾರಣಾ ದಿನದಂದು ದೆಹಲಿಯ ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಮಕ್ಕಳಿಗೆ ಅಗಿದು ನುಂಗಲು ಕೊಡುವ 400 ಮಿಲಿಗ್ರಾಂನ ಆಲ್ಬೆಂಡಜೋಲ್ ಗುಳಿಗೆಯನ್ನು ನಿಮ್ಮಲ್ಲನೇಕರು ಕಂಡಿರಬಹುದು. ರಾಜಧಾನಿಯ ಶಾಲೆಗಳಲ್ಲಿ 2012ರಲ್ಲಿಯೇ ತೊಡಗಿದ ಈ ಕಾರ್ಯವು 2015ರಲ್ಲಿ ರಾಷ್ಟ್ರೀಯ ಸ್ವರೂಪವನ್ನು ತಳೆಯಿತು.

ಈ ಔಷಧವು ನೀರಿನಲ್ಲಿ ಸುಲಭವಾಗಿ ಕರಗದು. ಆದಕಾರಣ ನುಂಗಿದುದರಲ್ಲಿ ನೂರಕ್ಕೆ ಐದು ಪಾಲಿಗಿಂತಲೂ ಕಡಮೆ ರಕ್ತಕ್ಕೆ ಸೇರಿ, ಮಿಕ್ಕುದು ಕರುಳಿನಲ್ಲಿಯೇ ಉಳಿಯುತ್ತದೆ. ಇದನ್ನು ದೋಷವೆಂದೆಣಿಸಲಾಗದು, ಕೊಕ್ಕೆಹುಳು, ದುಂಡುಹುಳುಗಳ ನೆಲೆಯೂ ಆ ಕರುಳೇ ಅಲ್ಲವೆ? ಅಲ್ಲಿ ಅದು ಹುಳುವಿನ ಜೀವಕೋಶಗಳೊಳಗಣ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಕೋಶಕ್ಕೆ ಆಧಾರವಾದ ಸೂಕ್ಷ್ಮನಾಳಗಳು ಕಟ್ಟಿಕೊಳ್ಳದಂತೆ ತಡೆಯಲು, ಸಕ್ಕರೆಯನ್ನು ಹೀರಲಾರದ ಹುಳುವು ತನ್ನ ಸಂಗ್ರಹವೆಲ್ಲ ತೀರಿ, ನಿಶ್ಚೇಷ್ಟಿತವಾಗಿ, ಮೆಲ್ಲಮೆಲ್ಲನೆ ಸಾಯುತ್ತದೆ. ಮನುಷ್ಯನ ಟ್ಯೂಬುಲಿನ್ನಿಗೆ ಇದು ಅಷ್ಟಾಗಿ ಅಂಟದಿರುವುದು ನಮ್ಮ ಮಕ್ಕಳ ಭಾಗ್ಯ.

ಆದರೆ ಲಾಡಿಹುಳುವಿನ ಮರಿ ಮೆದುಳನ್ನು ಹೊಕ್ಕು, ಗುಳ್ಳೆಕಟ್ಟಿ ಕುಳಿತು, ಫಿಟ್ಸ್ ಬರಿಸಿದಾಗಿನ ಸಂಗತಿಯೇ ಬೇರೆ. ಮಾಂಸವನ್ನೇ ಮುಟ್ಟದವರಿಗೂ, ತೊಳೆಯದ ಸೊಪ್ಪು ತರಕಾರಿಗಳಿಗೆ ಅಂಟಿದ ಮೊಟ್ಟೆಗಳಿಂದ ಬರಬಹುದಾದ ಈ ವ್ಯಾಧಿಯು ಅನ್ಸಾರಿ ನಗರದ ಏಮ್ಸ್‌ನಂತಹ ಆಸ್ಪತ್ರೆಗಳ ನರರೋಗ ವೈದ್ಯರಿಗೆ ಸುಪರಿಚಿತ. ಇಲ್ಲಿ ಔಷಧವು ಕರುಳನ್ನು ದಾಟಲೇಬೇಕು. ಜಿಡ್ಡಿರುವ ಊಟದೊಡನೆ ಸೇವಿಸಿದರೆ ರಕ್ತಕ್ಕೆ ಸೇರುವ ಪ್ರಮಾಣವು ಐದು ಪಟ್ಟಿನವರೆಗೂ ಏರುತ್ತದೆ. ಕಾಯಿಲೆಯವರಿಗೆ ಜಿಡ್ಡು ಕೂಡದೆಂದು ಬರಿಯ ಗಂಜಿ ಕುಡಿಸುವ ಮನೆಯವರು, ಈ ಗುಳಿಗೆಯ ಹೊತ್ತಿಗೆ ತುಪ್ಪ ಹಾಕಿದ ತೊವ್ವೆ ಅನ್ನವನ್ನೋ ಪರಾಠೆಯನ್ನೋ ಬಡಿಸಬಹುದೇ ಎಂದು ವೈದ್ಯರನ್ನು ಕೇಳುವುದು ಲೇಸು.

ಔಷಧವು ಕರುಳಿನಿಂದ ಯಕೃತ್ತಿಗೆ ಬಂದೊಡನೆ ಅಲ್ಲಿನ ಕಿಣ್ವಗಳು ಅದಕ್ಕೆ ಆಮ್ಲಜನಕವನ್ನು ಕೂಡಿಸಿ, ಸಲ್ಫಾಕ್ಸೈಡ್ ಎಂಬ ಹೊಸ ರೂಪವನ್ನು ಎಷ್ಟು ಶೀಘ್ರವಾಗಿ ಕೊಡುತ್ತವೆಂದರೆ, ರಕ್ತದಲ್ಲಿ ಮೂಲದ್ರವ್ಯವು ಕಾಣಸಿಗುವುದೇ ಅಪೂರ್ವ. ಔಷಧಗಳನ್ನು ನಿರ್ವೀರ್ಯಗೊಳಿಸುವುದು ಸಾಮಾನ್ಯವಾಗಿ ಯಕೃತ್ತಿನ ಧರ್ಮವಾಗಿರಲು, ಇಲ್ಲಿ ಮೆದುಳಿನ ಹುಳುವನ್ನು ಕೊಲ್ಲುವ ದ್ರವ್ಯವು ಸಿದ್ಧವಾಗುವುದೇ ಯಕೃತ್ತಿನಲ್ಲಿ ಎಂಬುದು ನನಗೆ ಪರಮಾಶ್ಚರ್ಯದ ವಿಷಯ. ಎರಡರಿಂದ ಐದು ಗಂಟೆಗಳೊಳಗೆ ಅದು ರಕ್ತದಲ್ಲಿ ತನ್ನ ಗರಿಷ್ಠ ಮಟ್ಟವನ್ನು ಮುಟ್ಟಿ, ಮೆದುಳಿನ ದ್ರವಕ್ಕೂ ಇಳಿಯುತ್ತದೆ. 8ರಿಂದ 12 ಗಂಟೆಗಳಲ್ಲಿ ಅರ್ಧಕ್ಕಿಳಿಯುವುದರಿಂದಲೇ ಈ ರೋಗಿಗಳಿಗೆ ದಿನಕ್ಕೆ ಎರಡಾವರ್ತಿ ಕೊಡುವುದು. ಬಳಿಕ ಮತ್ತೊಮ್ಮೆ ಆಮ್ಲಜನಕ ಸೇರಿ, ಶಕ್ತಿಗುಂದಿದ ಸಲ್ಫೋನಾಗಿ ಮಾರ್ಪಟ್ಟು, ಬಹುಪಾಲು ಪಿತ್ತರಸದೊಡನೆ ಹೊರಬೀಳುತ್ತದೆ.

ಫಿಟ್ಸಿಗೆಂದು ರೋಗಿಯು ಸೇವಿಸುವ ಫೆನಿಟಾಯಿನ್, ಕಾರ್ಬಮಜೆಪೀನ್ ಗುಳಿಗೆಗಳು ರಕ್ತದಲ್ಲಿನ ಸಲ್ಫಾಕ್ಸೈಡಿನ ಮಟ್ಟವನ್ನು ತಗ್ಗಿಸುತ್ತವೆ. ಸಾಯುವ ಹುಳುವಿನ ಸುತ್ತ ಮೆದುಳು ಊದದಿರಲೆಂದು ಜೊತೆಗೆ ಕೊಡುವ ಡೆಕ್ಸಾಮೆಥಸೋನ್ ಆ ಮಟ್ಟವನ್ನು ಏರಿಸುತ್ತದೆ.