ಅಂಗೈ ಅಂಗಾಲಿನ ಕೀವುಗುಳ್ಳೆ ಮತ್ತು ಟಾನ್ಸಿಲ್

ಹೈದರಾಬಾದಿನ ಅಂಚಿನ ಪಟಾನ್‌ಚೆರುವಿನಂತಹ ರಾಸಾಯನಿಕ ಕಾರ್ಖಾನೆಗಳ ಪ್ರದೇಶದಲ್ಲಿ ಕಾರ್ಮಿಕನ ಕೈಯಲ್ಲಿ ಗುಳ್ಳೆ ಎದ್ದರೆ ರಾಸಾಯನಿಕವನ್ನು ಶಂಕಿಸುವುದು ಸಹಜ. ಅನೇಕ ವೇಳೆ ಅದು ನಿಜವೂ ಹೌದು. ಆದರೆ ಅಂಗೈ ಅಂಗಾಲುಗಳಲ್ಲಿ ಹಳದಿ ಕೀವುಗುಳ್ಳೆಗಳು ಮೂಡಿ, ಕಂದುಬಣ್ಣಕ್ಕೆ ತಿರುಗಿ ಒಣಗಿ, ಸಿಪ್ಪೆಯೇಳುವಷ್ಟರಲ್ಲಿ ಮತ್ತೆ ಹೊಸವು ಕಾಣಿಸಿಕೊಳ್ಳುತ್ತಿದ್ದರೆ ಗಂಟಲನ್ನೂ ಪರೀಕ್ಷಿಸುವುದು ಅಗತ್ಯ. ಈ ಕೀವಿನಲ್ಲಿ ಸಾಮಾನ್ಯವಾಗಿ ರೋಗಾಣುಗಳಿರುವುದಿಲ್ಲ. ಇದು ಅಂಟುರೋಗವಲ್ಲ, ರೋಗಿಗೆ ತಟ್ಟೆ, ಲೋಟ ಬೇರೆಯಿಡುವುದು ಅನ್ಯಾಯವೇ ಸರಿ.

ಕೆಲವರಲ್ಲಿ ಟಾನ್ಸಿಲ್‌ಗಳ ದೀರ್ಘಕಾಲದ ಸೋಂಕು ದೇಹದ ರಕ್ಷಣಾವ್ಯವಸ್ಥೆಯನ್ನು ಕೆರಳಿಸಿ ದೂರದ ಚರ್ಮವನ್ನು ಬಾಧಿಸುತ್ತದೆಂದು ತಜ್ಞರು ಭಾವಿಸುತ್ತಾರೆ. ಜಪಾನಿನಲ್ಲಿ ಟಾನ್ಸಿಲ್ ತೆಗೆಸಿಕೊಂಡ ಇಂತಹ ಅನೇಕ ರೋಗಿಗಳಿಗೆ ಗುಣ ಕಂಡಿದೆ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದಲ್ಲ. ಹಲ್ಲಿನ ಸೋಂಕೂ ಕಾರಣವಾಗಬಹುದು. ಧೂಮಪಾನಿಗಳಲ್ಲಂತೂ ಈ ರೋಗ ಹೆಚ್ಚು. ಗಂಟಲು ನೋವಿನೊಡನೆ ಗುಳ್ಳೆಗಳು ಹೆಚ್ಚುತ್ತಿದ್ದರೆ, ಕೊರಳೆಲುಬಿನ ಬಳಿ ನೋವಿದ್ದರೆ, ಅದನ್ನು ಚರ್ಮವೈದ್ಯರಿಗೆ ತಪ್ಪದೆ ತಿಳಿಸಬೇಕು.